ಬೋರ್ಡಿನಲ್ಲಿ ಬಿಟ್ಟಿದ್ದ ಸಾಲು

ನಂದಗುಡಿ ಹಾಲಿನ ಡೈರಿಗೆ ನಾನು ಇಪ್ಪತ್ತಾರು ವರ್ಷದಿಂದ ಸೆಕ್ರೆಟರಿ. ಹೆಸರು ಕೆಂಪರಾಜು. ಊರಿನಲ್ಲಿ ಯಾರ ಮನೆಯ ವಿಷಯವೇ ಆಗಲಿ, ಯಾರೂ ಕೇಳದಿದ್ದರೂ ನನ್ನದೊಂದು ಮಾತು ಇದ್ದೇ ಇರುತ್ತದೆ ಅಂತ ನನ್ನ ಹೆಂಡತಿ ಅಂಜಿನಮ್ಮ ದೂರುತ್ತಾಳೆ. ಸುಳ್ಳೇನಲ್ಲ. ಆದರೆ ಈಗ ಹೇಳಹೊರಟಿರುವುದು ನನ್ನ ಕಥೆಯಲ್ಲ. ಡೈರಿಯ ಎದುರಿಗೆ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಮಸ್ತಾನನ ಮಗಳು ಉಮ್ಮೆ ಹಬೀಬಾಳ ಕಥೆ. ಇದರ ಮಧ್ಯೆ ನಾನು ಆಡಬಾರದ ಒಂದು ಮಾತು ಆಡಿದ್ದೇನೆ. ಅದನ್ನು ಮುಚ್ಚಿಟ್ಟರೆ ಕಥೆಗೆ ಕಾಲೇ ಇರುವುದಿಲ್ಲ, ಹಾಗಾಗಿ ಅದನ್ನೂ ಹೇಳಿಬಿಡುತ್ತೇನೆ.

ಮಸ್ತಾನ್ ಮತ್ತು ನಾನು ಸ್ಕೂಲಿನಲ್ಲಿ ಒಂದೇ ಬೆಂಚಿನ ಮೇಲೆ ಕೂತವರು. ಅವನ ಮಗಳು ಬೆಳೆದದ್ದೇ ಅಂಗಡಿಯ ಸಿಮೆಂಟ್ ಮೂಟೆಗಳ ಮೇಲೆ. ಅಲ್ಲೇ ಹೋಮ್‌ವರ್ಕು, ಅಲ್ಲೇ ನಿದ್ದೆ. ಚಿಕ್ಕ ಮಕ್ಕಳೆಂದರೆ ಅವಳಿಗೆ ಹುಚ್ಚು. ಡೈರಿಗೆ ಹಾಲು ಹಾಕಲು ಬಂದ ಹೆಂಗಸರ ಕಂಕುಳಿನಿಂದ ಕೂಸುಗಳನ್ನು ಎತ್ತಿಕೊಂಡು ಹೋಗಿ ಆಡಿಸುತ್ತಿದ್ದಳು. ಯಾವ ಮಗುವಿನ ಮಂಡಿ ತರಚಿದರೂ ತೊಳೆದು ಬಟ್ಟೆ ಕಟ್ಟುವವಳು ಅವಳೇ. ಹತ್ತು ವರ್ಷಕ್ಕೇ ಊರಿನವರು ಅವಳನ್ನು ಡಾಕ್ಟ್ರಮ್ಮ ಅನ್ನತೊಡಗಿದ್ದರು. ಮೊದಲು ಹಾಗೆ ಕರೆದವನು ನಾನು. ಅವಳು ನಿಜವಾಗಿಯೂ ಎಂಬಿಬಿಎಸ್ ಮುಗಿಸಿದಾಗ ನನ್ನ ಮಾತು ನಡೆಯಿತು ನೋಡಿ ಅಂತ ಎದೆ ಉಬ್ಬಿಸಿಕೊಂಡು ತಿರುಗಿದೆ.

ಮಸ್ತಾನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಅಂಗಡಿಗೆ ತಾಗಿಸಿ, ರಸ್ತೆಗೆ ಮುಖಮಾಡಿ ಒಂದು ರೂಮು ಕಟ್ಟಿಸಿದ. ಬಾಗಿಲಿಗೆ ಶಟರ್, ನೆಲಕ್ಕೆ ಟೈಲ್ಸ್, ಮೂಲೆಯಲ್ಲಿ ಕೈ ತೊಳೆಯಲು ಬೇಸಿನ್, ಕಾಯುವವರಿಗೆ ಹೊರಗೊಂದು ಕಲ್ಲಿನ ಕಟ್ಟೆ. ಮಗಳ ಕ್ಲಿನಿಕ್ಕು! ಅದು ಕೊರೋನಾ ಕಾಲ. ಎಂಡಿ ಸೀಟಿಗೆ ಬರೆಯಬೇಕಾದ ನೀಟ್ ಪರೀಕ್ಷೆ ತಿಂಗಳುಗಟ್ಟಲೆ ಮುಂದಕ್ಕೆ ಹೋಗುತ್ತಿತ್ತು. ಹುಡುಗಿ ಅತ್ತ ವಾರ್ಡಿನ ಡ್ಯೂಟಿ, ಇತ್ತ ಓದು ಅಂತ ಒದ್ದಾಡುತ್ತಿದ್ದಳು. ಪರೀಕ್ಷೆಗಿಂತ ಮೊದಲೇ ರೂಮು ರೆಡಿಯಾಯಿತು, ಬೋರ್ಡೂ ರೆಡಿಯಾಯಿತು. ಪೇಂಟು ಮಾರುವವನಿಗೆ ಬೇರೆಯವರ ಬರಹ ಹಿಡಿಸುತ್ತದೆಯೇ? ನೀಲಿ ತಗಡಿನ ಮೇಲೆ ಬಿಳಿ ಅಕ್ಷರದಲ್ಲಿ ಅವನೇ ಬರೆದ. ಮೊದಲ ಸಾಲಿನಲ್ಲಿ ಮಗಳ ಹೆಸರು, ಎರಡನೆಯದರಲ್ಲಿ ಎಂ.ಬಿ.ಬಿ.ಎಸ್., ಎಂ.ಡಿ. ಮೂರನೇ ಸಾಲು ಖಾಲಿ ಬಿಟ್ಟ. ಯಾವುದರಲ್ಲಿ ಎಂಡಿ ಅನ್ನುವುದನ್ನು ಪರೀಕ್ಷೆ ಹೇಳಬೇಕಲ್ಲ. ಆದರೂ ತಡೆಯಲಾರದೆ ಅಲ್ಲಿ ‘ಮಕ್ಕಳ ತಜ್ಞರು’ ಅಂತ ಪೆನ್ಸಿಲ್ಲಿನಲ್ಲಿ ತೆಳ್ಳಗೆ ಬರೆದು, ಅಳತೆ ಸರಿಯಾಗಿದೆಯಾ ಅಂತ ನನ್ನನ್ನು ಕರೆದು ಕೇಳಿದ್ದ.

ರಿಸಲ್ಟ್ ಬಂತು. ರ್‍ಯಾಂಕು ಹದಿನೇಳು ಸಾವಿರದ ಚಿಲ್ಲರೆ. ಒಂದೂವರೆ ಲಕ್ಷಕ್ಕೂ ಜಾಸ್ತಿ ಡಾಕ್ಟರುಗಳು ಬರೆದ ಪರೀಕ್ಷೆಯಲ್ಲಿ ಇದೇನು ಕಮ್ಮಿಯೇ ಅಂತ ನಾನು ಪೇಡ ಹಂಚಲು ಹೊರಟಿದ್ದೆ. ಹುಡುಗಿಯ ಮುಖ ಸಪ್ಪಗಿತ್ತು. ನನಗೆ ತಿಳಿಯುವ ಹಾಗೆ ಬಿಡಿಸಿ ಹೇಳಿದಳು. ಸಾಲಿನಲ್ಲಿ ಮುಂದೆ ನಿಂತವರು ಎಕ್ಸ್-ರೇ ಸ್ಕ್ಯಾನಿಂಗು, ಚರ್ಮ, ಮೆಡಿಸಿನ್ನು ಅಂತ ಬೇಕಾದದ್ದನ್ನು ಎತ್ತಿಕೊಳ್ಳುತ್ತಾರೆ. ಅವರ ಹಿಂದಿನವರು ಮಕ್ಕಳ ವಿಭಾಗ, ಹೆರಿಗೆ ವಿಭಾಗ ತೆಗೆದುಕೊಳ್ಳುತ್ತಾರೆ. ಆಮೇಲೆ ಬಂದವರಿಗೆ ಉಳಿದದ್ದು. ಅವಳ ಸರದಿ ಬರುವಷ್ಟರಲ್ಲಿ ಮಕ್ಕಳ ಸೀಟು ಖಾಲಿಯಾಗಿರುತ್ತದೆ. ಇನ್ನೂರು ಪ್ರಶ್ನೆಯಲ್ಲಿ ಇನ್ನೊಂದು ಎಂಟು ಸರಿಯಾಗಿದ್ದಿದ್ದರೆ ಸಿಗುತ್ತಿತ್ತಂತೆ. ಡೈರಿ ಮಿಷನ್ನು ಹಾಲಿನ ಫ್ಯಾಟ್ ಇಷ್ಟು ಅಂತ ತೋರಿಸಿದ ಮೇಲೆ ನೀವು ಯಾರ ಮಾತನ್ನೂ ಕೇಳಲ್ವಲ್ಲ ಮಾಮ, ಇದೂ ಹಂಗೇ ಅಂದಳು. ಆ ಮಿಷನ್ನಿನ ಮೇಲೆ ನನಗೆ ದೇವರಷ್ಟು ನಂಬಿಕೆ. ಹಾಗಾಗಿ ಪೇಡದ ಡಬ್ಬವನ್ನು ಅಲ್ಲೇ ಮುಚ್ಚಿಟ್ಟೆ.

ಯಾವ ವಿಭಾಗ ಮೊದಲು ಬೇಕು, ಯಾವುದು ಆಮೇಲೆ ಅಂತ ಕಂಪ್ಯೂಟರಿನಲ್ಲಿ ತುಂಬುವ ಕೊನೆಯ ದಿನ ಅವಳು ಅಂಗಡಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಕೂತಿದ್ದಳು. ಅನಸ್ತೇಸಿಯಾ ಸಿಗುತ್ತೆ ಅಬ್ಬಾ, ಅದನ್ನೇ ಹಾಕ್ತೀನಿ ಅಂದಳು. ಮಸ್ತಾನನಿಗೆ ಅದೇನೆಂದು ತಿಳಿಯದೆ ನನ್ನ ಮುಖ ನೋಡಿದ. ನನಗೆಲ್ಲಾ ಗೊತ್ತಿರುತ್ತದಲ್ಲ!

“ಆಪರೇಷನ್ನಿಗೆ ಮುಂಚೆ ಪ್ರಜ್ಞೆ ತಪ್ಸೋ ಸೂಜಿ ಚುಚ್ಚೋರು ಕಣೋ,” ಅಂದೆ. “ಅವರಿಗೆ ಬೋರ್ಡೂ ಇಲ್ಲ, ರೋಗೀನೂ ಇಲ್ಲ. ಎಚ್ಚರ ಆದ್ಮೇಲೆ ಅವರ ಮುಖ ಯಾರ್ ನೆನಪಿಟ್ಕೊಂತಾರೆ?”

ಹುಡುಗಿ ಸ್ಕ್ರೀನಿನಿಂದ ತಲೆ ಎತ್ತಲಿಲ್ಲ. ಮಸ್ತಾನ್ ಈ ವರ್ಷ ಬಿಟ್ಟು ಮತ್ತೆ ಬರಿ ಬೇಟಾ ಅಂತ ಗೋಗರೆದ. ನಾನೂ ಅದಕ್ಕೆ ತಾಳ ಹಾಕಿದೆ. ಅವಳು ಎಲ್ಲಾ ಕೇಳಿಸಿಕೊಂಡು, “ಮುಂದಿನ ಸಲ ಎಂಟು ಜಾಸ್ತಿ ಬರುತ್ತೋ, ಎಂಟು ಕಮ್ಮಿ ಬರುತ್ತೋ ಯಾರ್ ಹೇಳ್ತಾರೆ ಅಬ್ಬಾ? ಸಿಕ್ಕಿದ್ದನ್ನೇ ಚೆನ್ನಾಗಿ ಕಲೀತೀನಿ,” ಅಂದು ಬಟನ್ ಒತ್ತಿಬಿಟ್ಟಳು.

ಮಸ್ತಾನ್ ಬೈಯಲಿಲ್ಲ. ಆದರೆ ಆವತ್ತು ಸಂಜೆ ಒದ್ದೆ ಬಟ್ಟೆ ತಗೊಂಡು ಬೋರ್ಡಿನ ಪೆನ್ಸಿಲ್ ಬರಹವನ್ನು ಒರೆಸಿದ. ಬೋರ್ಡನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿದ. ಕ್ಲಿನಿಕ್ಕಿನ ರೂಮಿಗೆ ಪಿವಿಸಿ ಪೈಪುಗಳು ಬಂದು ತುಂಬಿಕೊಂಡವು. ಮಗಳು ಯಾವ ಡಾಕ್ಟ್ರು ಸಾಬ್ರೇ ಅಂತ ಯಾರಾದರೂ ಕೇಳಿದರೆ ‘ಇನ್ನೂ ಓದ್ತಾವಳೆ’ ಅಂತ ಹೇಳಿ ಮಾತು ಬದಲಿಸುತ್ತಿದ್ದ. ಮೂರು ವರ್ಷ ಕಳೆದು ಅವಳು ಎಂಡಿ ಮುಗಿಸಿದಳು, ಹೊಸಕೋಟೆಯಾಚೆಯ ಒಂದು ದೊಡ್ಡ ಆಸ್ಪತ್ರೆಗೆ ಸೇರಿದಳು, ಆಗಲೂ ಅವನ ಉತ್ತರ ಅದೇ. ಮಗಳ ಮೇಲೆ ಪ್ರಾಣ ಇಟ್ಟುಕೊಂಡವನು ಅವಳ ಕೆಲಸದ ಹೆಸರು ಮಾತ್ರ ಒಂದು ದಿನವೂ ಬಾಯಲ್ಲಿ ಆಡಲಿಲ್ಲ. ಅವಳು ಊರಿಗೆ ಬಂದಾಗಲೆಲ್ಲ ಮನೆಗೆ ಹೋಗುವ ಮುಂಚೆ ಆ ಶಟರಿನ ಕಡೆ ಒಮ್ಮೆ ನೋಡುವುದನ್ನು ನಾನು ಡೈರಿಯಿಂದ ಕಂಡಿದ್ದೇನೆ. ಅಪ್ಪ ಆ ಮೂರನೇ ಸಾಲು ಬರೆಯಲಿ ಅನ್ನುವುದೊಂದೇ ಅವಳ ಆಸೆ. ಬಾಯಿಬಿಟ್ಟು ಕೇಳುವ ಜಾತಿಯಲ್ಲ ಅವಳು. ಅವನ ಬಾಯಿ ಕಟ್ಟಿಹಾಕಿದ್ದು ನನ್ನ ಮಾತೇ ಅಂತ ನನಗೆ ಗೊತ್ತಿತ್ತು, ಗೊತ್ತಿದ್ದೂ ಸುಮ್ಮನಿದ್ದೆ.

ಈ ಸಲದ ಅವರೆಕಾಯಿ ಕಾಲ. ಭಾನುವಾರ. ನನ್ನ ಮಗಳು ಬಿಂದುಶ್ರೀ ತನ್ನ ಎರಡೂವರೆ ವರ್ಷದ ಮಗು ಅಕ್ಷತಳನ್ನು ಕರೆದುಕೊಂಡು ಮನೆಗೆ ಬಂದಿದ್ದಳು. ಬೆಳಿಗ್ಗೆ ಹನ್ನೊಂದರ ಹೊತ್ತು, ಅಂಜಿನಮ್ಮ ನೆನೆಹಾಕಿದ್ದ ಅವರೆಕಾಳನ್ನು ಪಾತ್ರೆ ತುಂಬ ಇಟ್ಟುಕೊಂಡು ಬಿಸಿಲಿಗೆ ಕೂತು ಹಿದುಕುತ್ತಿದ್ದಳು. ಎರಡು ಬೆರಳಲ್ಲಿ ಕಾಳನ್ನು ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮಿ ಹೊರಗೆ ಬೀಳುತ್ತದೆ, ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ನಾನು ಸುಮ್ಮನೆ ಕೂರಬಾರದಿತ್ತೇ? ಕಾಳನ್ನು ಮಗುವಿನ ಕೆನ್ನೆಗೆ ಗುರಿಯಿಟ್ಟು ಚಿಮ್ಮಿಸಿದೆ. ಅದು ಕಿಲಕಿಲ ನಕ್ಕಿತು. ಇನ್ನೊಂದು ಚಿಮ್ಮಿಸಿದೆ, ಇನ್ನೂ ಜೋರಾಗಿ ನಕ್ಕಿತು. ಮೂರನೆಯದು ನಗುತ್ತಿದ್ದ ಬಾಯೊಳಗೆ ಹೋಯಿತು.

ಮಗು ಕೆಮ್ಮಿತು. ಮುಖ ಕೆಂಪಾಯಿತು, ಕಣ್ಣು ಮೇಲಾಯಿತು. ಆಮೇಲೆ ಕೆಮ್ಮು ತಾನಾಗಿಯೇ ನಿಂತಿತು. ಗಂಟಲಲ್ಲಿ ಸಿಕ್ಕಿದ್ದು ಕೆಳಗಿಳಿಯಲಿ ಅಂತ ಅಂಜಿನಮ್ಮ ಅರ್ಧ ಬಾಳೆಹಣ್ಣು ತಿನ್ನಿಸಿ ಹಾಲು ಕುಡಿಸಿದಳು. ಸರಿಹೋಯಿತು ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಮಗುವಿನ ಉಸಿರಿನಲ್ಲಿ ಪೀಪಿ ಊದಿದ ಹಾಗೆ ಸಣ್ಣ ಸದ್ದು ಶುರುವಾಯಿತು.

ನಾನು ಮಗುವನ್ನು ಎತ್ತಿಕೊಂಡು ರಸ್ತೆ ದಾಟಿ ಮಸ್ತಾನನ ಅಂಗಡಿಗೆ ಓಡಿದೆ. ಅವನು ಮಗಳಿಗೆ ಫೋನ್ ಹಚ್ಚಿದ, ಕಾಳು ಬಾಯೊಳಗೆ ಹೋದದ್ದನ್ನು ನಾನು ಹೇಳಿದೆ. ಫೋನನ್ನು ಮಗುವಿನ ಬಾಯಿ ಹತ್ತಿರ ಹಿಡಿಯಿರಿ ಅಂದಳು. ಎರಡು ಉಸಿರು ಕೇಳಿದಳು, ಅಷ್ಟೇ. ಬೆನ್ನಿಗೆ ಗುದ್ದಬೇಡಿ, ತಲೆಕೆಳಗೆ ಮಾಡಬೇಡಿ, ಅಳಿಸಬೇಡಿ, ಕೂರಿಸಿಕೊಂಡೇ ಈಗಲೇ ಇಲ್ಲಿಗೆ ಕರೆತನ್ನಿ ಅಂದಳು. ಕಾಳು ನುಂಗಿದ ಮೇಲೆ ಏನಾದರೂ ತಿನ್ನಿಸಿದಿರಾ ಅಂತ ಕೇಳಿದಳು. ಇಲ್ಲ ಅಂದುಬಿಟ್ಟೆ. ಯಾಕೆ ಸುಳ್ಳು ಹೇಳಿದೆ ಅಂದರೆ, ಕಾಳು ಚಿಮ್ಮಿಸಿದ ಬುದ್ಧಿಗೇಡಿತನದ ಮೇಲೆ ಇನ್ನೊಂದನ್ನು ಒಪ್ಪಿಕೊಳ್ಳಲು ನಾಚಿಕೆಯಾಯಿತು.

ಮಸ್ತಾನ್ ತನ್ನ ಓಮ್ನಿಯಲ್ಲಿದ್ದ ಪೇಂಟ್ ಡಬ್ಬಗಳನ್ನು ರಸ್ತೆಗೇ ಇಳಿಸಿ, ಮಗು ಎತ್ತಿಕೊಂಡ ನನ್ನನ್ನೂ ಹಿಂದೆಯೇ ಓಡಿಬಂದ ಬಿಂದುಶ್ರೀಯನ್ನೂ ಕೂರಿಸಿಕೊಂಡ. ಹೊಸಕೋಟೆ ದಾಟಿ ಆಸ್ಪತ್ರೆ ಮುಟ್ಟಿದಾಗ ಹಬೀಬಾ ಬಾಗಿಲಲ್ಲೇ ನಿಂತಿದ್ದಳು. ಹಸಿರು ಬಟ್ಟೆ, ತಲೆಗೆ ಹಸಿರು ಟೋಪಿ. ಸಿಮೆಂಟ್ ಮೂಟೆಯ ಮೇಲೆ ನಿದ್ದೆ ಹೋಗುತ್ತಿದ್ದ ಹುಡುಗಿ ಇವಳೇನಾ ಅನ್ನಿಸಿತು. ಎಕ್ಸ್-ರೇ ಆಯಿತು. ಬೇಳೆ ಶ್ವಾಸನಾಳದಲ್ಲಿ ಕೂತು ಒಂದು ಕಡೆಯ ಗಾಳಿಯನ್ನು ತಡೆಹಿಡಿದಿದೆ ಅಂದರು. ತೆಗೆಯಬೇಕಾದವರು ಗಂಟಲಿನ ಡಾಕ್ಟರು ಮನೋಹರ್, ತಲೆಯೆಲ್ಲ ನೆರೆತ ದೊಡ್ಡ ಮನುಷ್ಯ. ಅವರು ಆಗಲೇ ತಯಾರಾಗಿದ್ದರು. ಹಬೀಬಾ ಮಾತ್ರ ನನ್ನ ಎದುರು ಮಂಡಿಯೂರಿ ಕೂತಳು. ಮಗು ನನ್ನ ತೊಡೆಯ ಮೇಲಿತ್ತು.

“ಮಾಮ, ಇದೊಂದರಲ್ಲಿ ನಂಗೆ ನಿಜ ಬೇಕು,” ಅಂದಳು. “ಮಗು ಹೊಟ್ಟೆಗೆ ಏನ್ ಹೋಗಿದೆ?”

ಬಾಳೆಹಣ್ಣು, ಹಾಲು ಎರಡನ್ನೂ ಹೇಳಿದೆ. ಅವಳು ಗದರಲಿಲ್ಲ. ಮತ್ತಿನಲ್ಲಿದ್ದಾಗ ಹೊಟ್ಟೆಯಲ್ಲಿರುವುದು ಮೇಲೆ ಬಂದರೆ ನೇರ ಶ್ವಾಸಕೋಶಕ್ಕೆ ಇಳಿಯುತ್ತದೆ, ಹಾಗಾಗಿ ಮಗು ಎಷ್ಟು ಹೊತ್ತು ತಡೆಯುತ್ತದೋ ಅಷ್ಟು ಹೊತ್ತು ಕಾಯೋಣ ಅಂದಳು. ಆ ನೆರೆತ ತಲೆಯ ಡಾಕ್ಟರು ಒಪ್ಪಲಿಕ್ಕಿಲ್ಲ ಅಂದುಕೊಂಡೆ. ಅವರು ಆಗಲಿ ಅಂತ ಒಂದು ಕುರ್ಚಿ ಎಳೆದುಕೊಂಡು ಕೂತರು.

ಮಗುವಿನ ಬೆರಳಿಗೆ ಒಂದು ಕ್ಲಿಪ್ ಹಾಕಿದರು, ಪಕ್ಕದ ಮಿಷನ್ನು ಟಿಕ್ ಟಿಕ್ ಅನ್ನುತ್ತಿತ್ತು. ಹಬೀಬಾ ಮಂಚದ ತುದಿಯಲ್ಲಿ ಕೂತು ಒಂದು ಕೈಯನ್ನು ಮಗುವಿನ ಬೆನ್ನ ಮೇಲೆ ಇಟ್ಟವಳು ಎರಡು ಗಂಟೆ ಏಳಲೇ ಇಲ್ಲ. ಮಿಷನ್ನಿನ ಕಡೆ ನೋಡುತ್ತಲೂ ಇರಲಿಲ್ಲ. ನನ್ನ ತಾಳ್ಮೆ ಎಷ್ಟೆಂದು ಊರಿಗೇ ಗೊತ್ತು. ಎಲ್ಲರೂ ಇದ್ದೀರಿ, ಎಲ್ಲಾ ಇದೆ, ಸುಮ್ಮನೆ ಕೂತಿದ್ದೀರಲ್ಲ ಅಂತ ದನಿ ಎತ್ತಿದೆ. ಕೂಗಬೇಡಿ ಮಾಮ, ಮಗು ಅತ್ತರೆ ಕಾಳು ಜರುಗುತ್ತೆ ಅಂತ ಮೆಲ್ಲಗೆ ಹೇಳಿದಳು. ನಾನು ಬಾಯಿ ಮುಚ್ಚಿದೆ. ನನ್ನ ಬಾಯಿ ಒಂದೇ ಮಾತಿಗೆ ಮುಚ್ಚಿಸಿದವರು ಆವರೆಗೆ ಯಾರೂ ಇರಲಿಲ್ಲ.

ಮೂರು ಗಂಟೆ ಆಗುತ್ತಾ ಬಂದಿತ್ತು. ಹಬೀಬಾ ನರ್ಸಿಗೆ ಏನೋ ಹೇಳುತ್ತಿದ್ದವಳು ಮಾತಿನ ಮಧ್ಯದಲ್ಲೇ ನಿಲ್ಲಿಸಿ ಕತ್ತು ವಾಲಿಸಿದಳು. ನನಗೇನೂ ಕೇಳಿಸಲಿಲ್ಲ. ಮಗುವಿನ ರಕ್ತದಲ್ಲಿ ಆಮ್ಲಜನಕ ಇಳಿದರೆ ಆ ಟಿಕ್ ಟಿಕ್ ಸದ್ದು ಒಂದೆಳೆ ತಗ್ಗುತ್ತದಂತೆ, ಆಮೇಲೆ ನರ್ಸು ಹೇಳಿದರು. ಕ್ಯಾನಿಗೆ ಸುರಿಯುವ ಸದ್ದಿನಲ್ಲೇ ನೀರು ಬೆರೆತ ಹಾಲನ್ನು ಹಿಡಿಯುತ್ತೇನೆ ಅಂತ ಇಪ್ಪತ್ತಾರು ವರ್ಷ ಜಂಬ ಕೊಚ್ಚಿದವನು ನಾನು. ಈ ಸದ್ದು ನನ್ನ ಕಿವಿಯ ಪಕ್ಕದಲ್ಲೇ ಇದ್ದರೂ ನನಗೆ ಸಿಗಲಿಲ್ಲ.

“ಸರ್, ಇನ್ನು ಕಾಯೋದ್ ಬೇಡ,” ಅಂದಳು. “ಈಗ್ಲೇ.”

ಡಾಕ್ಟರು ಮನೋಹರ್ ಯಾಕೆ ಅಂತ ಕೇಳದೆ ಎದ್ದರು. ಬಿಂದುಶ್ರೀ ಅಳು ತಡೆಯಲಾರದೆ ಕುಸಿದಿದ್ದಳು. ತಾಯಿ ಅತ್ತರೆ ಮಗುವೂ ಅಳುತ್ತದೆ, ಮಾಮ ನೀವೇ ಎತ್ತಿಕೊಂಡು ಒಳಗೆ ಬನ್ನಿ ಅಂದಳು ಹಬೀಬಾ. ನನಗೆ ಹಸಿರು ಗೌನು ತೊಡಿಸಿದರು. ನಾನೇ ಮಾಡಿದ ಕರ್ಮ, ನಾನೇ ಎತ್ತಿಕೊಂಡು ಹೋದೆ.

ಥಿಯೇಟರಿನಲ್ಲಿ ಅವಳು ಒಂದು ಸಣ್ಣ ಮಾಸ್ಕ್ ಹಿಡಿದುಕೊಂಡು, ತಾತ ಬಲೂನ್ ಊದ್ತಾರಾ ನೋಡೋಣ ಅಂತ ಮೊದಲು ನನ್ನ ಮುಖದ ಹತ್ತಿರ ತಂದಳು. ನಾನು ಕೆನ್ನೆ ಉಬ್ಬಿಸಿದೆ. ಅಕ್ಷತ ನಕ್ಕಿತು. ಅದೇ ನಗುವಿನಲ್ಲಿ ಮಾಸ್ಕನ್ನು ಮಗುವಿನ ಮುಖಕ್ಕೆ ತಂದಳು. ಒಂದು ಉಸಿರು, ಎರಡು, ಹತ್ತು. ನನ್ನ ತೋಳಿನಲ್ಲಿದ್ದ ಮಗು ಭಾರವಾಗಿ ಕಣ್ಣು ಮುಚ್ಚಿತು. ಮೇಜಿನ ಮೇಲೆ ಮಲಗಿಸಿ ನಾನು ಹೊರಗೆ ಹೋಗಬೇಕಿತ್ತು, ಹೋಗದೆ ಗೋಡೆಗೆ ಒರಗಿ ನಿಂತೆ. ಆಗ ಕಂಡದ್ದು ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಹಬೀಬಾ ಮಗುವಿನ ತಲೆಯ ಕಡೆ ನಿಂತು, ಎರಡೇ ಬೆರಳಿನಲ್ಲಿ ಗದ್ದ ಎತ್ತಿಹಿಡಿದು, ಎದೆ ಏರುವುದನ್ನೇ ನೋಡುತ್ತಿದ್ದಳು. ಡಾಕ್ಟರು ಮನೋಹರ್ ಉದ್ದನೆಯ ಸ್ಟೀಲ್ ಕೊಳವೆ ಹಿಡಿದು ಪಕ್ಕದಲ್ಲಿ ನಿಂತಿದ್ದರು. ಅವಳ ಅಪ್ಪನಿಗಿಂತ ಹಿರಿಯ ಮನುಷ್ಯ. ಶುರುಮಾಡಲೇ ಅನ್ನುವ ಹಾಗೆ ಅವಳ ಮುಖ ನೋಡಿದರು. ಅವಳು ಇನ್ನೂ ಬೇಡ ಅಂತ ತಲೆಯಾಡಿಸಿದಳು. ಅವರು ನಿಂತರು. ಬಡಿಸಿ ಅನ್ನುವುದನ್ನೇ ಕಾಯುತ್ತಾ ಇಡ್ಲಿ ತಟ್ಟೆ ಹಿಡಿದು ನಿಂತ ಮದುವೆಮನೆಯ ಹುಡುಗರ ಹಾಗೆ, ಕೊಳವೆ ಹಿಡಿದುಕೊಂಡೇ ಕಾದರು. ನಾಲ್ಕು ಜನ ನರ್ಸುಗಳು, ಇನ್ನಿಬ್ಬರು ಡಾಕ್ಟರುಗಳು, ಎಲ್ಲರೂ ಆ ಹುಡುಗಿ ಹೂಂ ಅನ್ನುವುದನ್ನೇ ಕಾಯುತ್ತಿದ್ದರು. ಅಷ್ಟು ಜನ ದೊಡ್ಡವರು ಒಂದು ಮಾತಿಗೆ ಹಾಗೆ ಕಾದದ್ದನ್ನು ನಾನು ಎಲ್ಲೂ ನೋಡಿಲ್ಲ. ಯಾರೋ ನನ್ನ ಭುಜ ಹಿಡಿದು ಹೊರಗೆ ಕಳಿಸಿದರು.

ಹೊರಗೆ ಬೆಂಚಿನ ಮೇಲೆ ಮಸ್ತಾನ್ ತಸ್‌ಬೀ ಮಣಿ ಎಣಿಸುತ್ತಾ ಕೂತಿದ್ದ. ಕಂಡದ್ದನ್ನೆಲ್ಲ ಅವನಿಗೆ ಹೇಳಿದೆ. ಹೇಳುತ್ತಾ ಹೇಳುತ್ತಾ ನನಗೆ ಅಳು ಬಂತು. ಮಗುವಿನ ಉಸಿರಿನ ದಾರಿಯೊಳಗೇ ಡಾಕ್ಟರು ಕೊಳವೆ ಇಳಿಸಬೇಕು, ಅದೇ ದಾರಿಯಲ್ಲಿ ನಿನ್ನ ಮಗಳು ಉಸಿರನ್ನೂ ಕೊಡಬೇಕು, ಮತ್ತನ್ನೂ ಕೊಡಬೇಕು ಕಣೋ ಅಂದೆ. ಅವನ ಬೆರಳು ಮಣಿಯ ಮೇಲೆ ನಿಂತುಬಿಟ್ಟಿತು.

ಮುಕ್ಕಾಲು ಗಂಟೆಯ ಮೇಲೆ ಬಾಗಿಲು ತೆರೆಯಿತು. ಬಂದವಳು ಹಬೀಬಾ. ಮಾಸ್ಕಿನ ಗೆರೆ ಅವಳ ಕೆನ್ನೆಯ ಮೇಲೆ ಅಚ್ಚೊತ್ತಿತ್ತು. ಬಂತು ಮಾಮ, ಅಂತ ಒಂದು ಸಣ್ಣ ಸೀಸೆ ತೋರಿಸಿದಳು. ಊದಿಕೊಂಡು ಎರಡು ಹೋಳಾಗಿದ್ದ ಅವರೆಬೇಳೆ ಅದರೊಳಗಿತ್ತು. ಮಗು ಎದ್ದು ಅಮ್ಮನನ್ನು ಕೇಳುತ್ತಿದೆ ಅಂತ ಬಿಂದುಶ್ರೀಯನ್ನು ಒಳಗೆ ಕಳಿಸಿದಳು. ಮಸ್ತಾನ್ ಎದ್ದು ನಿಂತು ಮಗಳ ಕೈಗಳನ್ನು ನೋಡುತ್ತಿದ್ದ. ಊಟ ಮಾಡಿದ್ಯಾ ಬೇಟಾ ಅಂತಷ್ಟೇ ಕೇಳಿದ. ಇಲ್ಲ ಅಬ್ಬಾ ಅಂದಳು.

ಅವನು ಕ್ಯಾಂಟೀನಿಗೆ ಹೋದಾಗ ನಾನು ಅವಳ ಎದುರು ತಲೆ ತಗ್ಗಿಸಿದೆ. ಆವತ್ತು ಅಂಗಡಿಯಲ್ಲಿ ನಾನು ಹೇಳಿದ್ದು ತಪ್ಪಾಯಿತು ತಾಯಿ, ಮರೆತುಬಿಡು ಅಂದೆ.

“ನೀವಂದಿದ್ದು ನಿಜಾನೇ ಮಾಮ, ಯಾರೂ ನಮ್ಮ ಮುಖ ನೆನಪಿಟ್ಕೊಳ್ಳಲ್ಲ,” ಅಂದಳು. “ಮೊದಲ ವರ್ಷ ಅದನ್ನ ನೆನೆಸ್ಕೊಂಡು ಅಳ್ತಿದ್ದೆ. ಪ್ರೀತಿಯಿಂದ ತಗೊಂಡಿದ್ದಲ್ಲ, ರ್‍ಯಾಂಕಿಗೆ ಸಿಕ್ಕಿದ್ದು. ಈಗ ಮಕ್ಕಳು ಎದ್ದು ಅಮ್ಮ ಎಲ್ಲಿ ಅಂತ ಕೇಳಿದ್ರೆ ಸಾಕು ಅನ್ಸುತ್ತೆ.”

ಮಾರನೇ ದಿನ ಬೆಳಿಗ್ಗೆ ಆರಕ್ಕೆ ಡೈರಿ ಬಾಗಿಲು ತೆಗೆದೆ. ಎದುರಿಗೆ ಶಟರ್ ಮೇಲೆ ಹೋಗಿತ್ತು. ಪೈಪುಗಳೆಲ್ಲ ರಸ್ತೆಯ ಬದಿಗೆ ಬಂದಿದ್ದವು, ಟೈಲ್ಸ್ ತೊಳೆದ ನೀರು ಚರಂಡಿಗೆ ಹರಿಯುತ್ತಿತ್ತು. ಮಸ್ತಾನ್ ಕಲ್ಲಿನ ಕಟ್ಟೆಯ ಮೇಲೆ ಬೋರ್ಡು ಇಟ್ಟುಕೊಂಡು, ಆಸ್ಪತ್ರೆಯ ಬೋರ್ಡು ನೋಡಿ ಅಂಗೈಯಲ್ಲಿ ಪೆನ್ನಿನಿಂದ ಬರೆದುಕೊಂಡದ್ದನ್ನು ನೋಡಿ ನೋಡಿ ಬ್ರಶ್ ಆಡಿಸುತ್ತಿದ್ದ. ನಾನು ಹತ್ತಿರ ಹೋಗುವಷ್ಟರಲ್ಲಿ ಮೂರನೇ ಸಾಲು ತುಂಬಿತ್ತು. ‘ಅರಿವಳಿಕೆ ತಜ್ಞರು’. ಕೊನೆಯ ಅಕ್ಷರ ಸ್ವಲ್ಪ ಇಳಿದಿತ್ತು, ಅವನ ಕೈ ಎಂದೂ ಹಾಗೆ ಜಾರುವುದಿಲ್ಲ. ಅವಳು ಇಲ್ಲಿ ಬಂದು ಕೂರುವ ಡಾಕ್ಟರಲ್ಲವಲ್ಲೋ ಅಂದೆ. ಕೂರದಿದ್ರೆ ಬೇಡ ಗುರು, ಬೋರ್ಡು ಇರಲಿ ಅಂದ.

ಒಣಗಿದ ಮೇಲೆ ಅವನು ಬೋರ್ಡು ಹಿಡಿದು ಏಣಿ ಹತ್ತಿದ. ಹಾಲು ಹಾಕಿ ಹೊರಟಿದ್ದ ಅಪ್ಪಯ್ಯಣ್ಣ ಖಾಲಿ ಕ್ಯಾನು ಕೆಳಗಿಟ್ಟು ಕತ್ತೆತ್ತಿ ಓದಿದ. ಇದೇನ್ ಸಾಬ್ರೇ, ಯಾವ ಕಾಯಿಲೆ ನೋಡ್ತಾರೆ ನಿಮ್ಮ ಮಗಳು ಅಂತ ಕೇಳಿದ. ರೂಢಿಯಂತೆ ಉತ್ತರ ಹೇಳಲು ನನ್ನ ಬಾಯಿ ತೆರೆದಿತ್ತು. ಮುಚ್ಚಿಕೊಂಡೆ. ನಾಲ್ಕು ವರ್ಷದಿಂದ ಈ ಪ್ರಶ್ನೆಗೆ ಮುಖ ತಿರುಗಿಸುತ್ತಿದ್ದ ಮಸ್ತಾನ್ ಏಣಿಯ ಮೇಲಿಂದಲೇ ಬಗ್ಗಿ ನೋಡಿದ.

“ಎಂಥಾ ದೊಡ್ಡ ಡಾಕ್ಟ್ರೇ ಇರ್ಲಿ ಅಪ್ಪಯ್ಯಣ್ಣ,” ಅಂದ, “ನನ್ ಮಗಳು ಹೂಂ ಅನ್ನೋವರೆಗೂ ಮಗು ಮೈ ಮುಟ್ಟಲ್ಲ.”

ಅಪ್ಪಯ್ಯಣ್ಣ ಇನ್ನೊಮ್ಮೆ ಬೋರ್ಡು ಓದಿದ. ಮಸ್ತಾನ್ ಮೊಳೆ ಹೊಡೆದು ಮುಗಿಸುವವರೆಗೆ ನಾನು ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡು ನಿಂತೆ.